ಶ್ರೀರಂಗಪಟ್ಟಣದ ಮೊದಲ ದಸರಾ (1610): ಮೈಸೂರು ಶೈಲಿಯ ಚಿತ್ರದಲ್ಲಿ ಏನಿರಬೇಕು, ಏನಿರಬಾರದು?

ರೇಕುಕುಂಚ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ಹಲಗೆಯ ಮೇಲೆ ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ಒಂದು ಚಿತ್ರ ಆಗಬೇಕಿದೆ. ವಿಷಯ, ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ನಡೆಸಿದ ಮೊದಲ ನವರಾತ್ರಿ. ದೇವದೇವತೆಗಳ ಪಟ ಬರೆಯುವುದಕ್ಕೆ ಧ್ಯಾನಶ್ಲೋಕ ಇದೆ, ದೇವತಾರೂಪಗಳ ಲಕ್ಷಣ ಹೇಳುವ ಶ್ರೀತತ್ತ್ವನಿಧಿ ಗ್ರಂಥ ಇದೆ. ಇಂಥ ಐತಿಹಾಸಿಕ ಸಂದರ್ಭಕ್ಕೆ ಕಟ್ಟುಪಾಡು ಎಲ್ಲಿಂದ ತರುವುದು ಎಂಬುದೇ ಪ್ರಶ್ನೆ.

ಕೇಳಬೇಕಾದದ್ದು ಇಷ್ಟು. ಹತ್ತು ದಿನಗಳಲ್ಲಿ ಯಾವ ಗಳಿಗೆಯನ್ನು ಹಿಡಿದರೆ ಚಿತ್ರ ನಿಲ್ಲುತ್ತದೆ? ಉಡುಪು, ಸಿಂಹಾಸನ, ಆನೆ, ಹಿನ್ನೆಲೆಯ ಕಟ್ಟಡ ಇವಕ್ಕೆ ಯಾವುದನ್ನು ಮಾದರಿ ಮಾಡಿಕೊಳ್ಳಬೇಕು? ಮೈಸೂರು ಅರಮನೆಯ ಕಲ್ಯಾಣಮಂಟಪದ ಗೋಡೆಯ ಮೆರವಣಿಗೆ ಚಿತ್ರಗಳನ್ನು ನೋಡಿ ಬರೆದರೆ ತಪ್ಪಾಗುತ್ತದೆಯೇ? ಇನ್ನೊಂದು, ಇಷ್ಟು ದೊಡ್ಡ ಹಲಗೆಗೆ ಗೆಸ್ಸೊ (ಚಿನ್ನದ ಕೆಳಗೆ ಉಬ್ಬು ತರುವ ಲೇಪ) ಬಿರುಕು ಬಿಡದ ಹಾಗೆ ಹದ ಹೇಗೆ ಮಾಡಬೇಕು, ಚಿನ್ನದ ರೇಕು (ತೆಳು ಹಾಳೆ) ಎಷ್ಟು ಬೇಕಾದೀತು? ತಿಳಿದವರು ವಿವರವಾಗಿ ಬರೆದರೆ ಉಪಕಾರ.

ಕೋಟೆಬಾಗಿಲು (ಶ್ರೀರಂಗಪಟ್ಟಣ)

ಮೊದಲು ಕೈಬಿಡಬೇಕಾದದ್ದನ್ನು ಹೇಳುತ್ತೇನೆ, ಏಕೆಂದರೆ ಈ ವಿಷಯದ ಚಿತ್ರಗಳು ಕೆಡುವುದು ಅಲ್ಲೇ. ಇವತ್ತು ಯಾವುದನ್ನು ಕಂಡರೆ ನಮಗೆ ‘ದಸರಾ’ ಅನ್ನಿಸುತ್ತದೋ ಅದರಲ್ಲಿ ಬಹುಪಾಲು 1610ಕ್ಕಿಂತ ಈಚಿನದು.

ಮೈಸೂರಿನ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಅದರ ಗುಮ್ಮಟ, ಕಮಾನು, ಬಣ್ಣದ ಗಾಜು ಯಾವುದೂ ಹಿನ್ನೆಲೆಗೆ ಬರುವಂತಿಲ್ಲ. ಚಾಮುಂಡಿಬೆಟ್ಟದ ದೊಡ್ಡ ಗೋಪುರ ಮುಮ್ಮಡಿ ಕೃಷ್ಣರಾಜರ ಕಾಲದ್ದು, ಹತ್ತೊಂಬತ್ತನೇ ಶತಮಾನ. ಶ್ರೀರಂಗಪಟ್ಟಣದಲ್ಲೇ ನೋಡಿದರೆ ಜುಮ್ಮಾ ಮಸೀದಿಯ ಮಿನಾರುಗಳು, ದರಿಯಾ ದೌಲತ್, ಒಂದರ ಹೊರಗೊಂದು ಇರುವ ಕೋಟೆಯ ಸುತ್ತುಗಳು ಹೈದರ್ ಮತ್ತು ಟಿಪ್ಪು ಕಾಲದವು. ರಂಗನಾಥನ ಗುಡಿಯ ಹತ್ತಿರವೇ ಇರುವ ನರಸಿಂಹಸ್ವಾಮಿ ದೇವಸ್ಥಾನವನ್ನು ಕಟ್ಟಿಸಿದ್ದು ರಣಧೀರ ಕಂಠೀರವ ನರಸರಾಜರು. ಅವರು ಪಟ್ಟಕ್ಕೆ ಬಂದದ್ದೇ 1638ರಲ್ಲಿ. ಹಾಗಾಗಿ ಅದೂ ಬೇಡ. ಉಳಿಯುವುದು ರಂಗನಾಥಸ್ವಾಮಿ ದೇವಸ್ಥಾನ, ಅದರ ಗೋಪುರ, ಒಂದು ಸುತ್ತಿನ ಕೋಟೆಗೋಡೆ, ಎರಡು ಕವಲಾಗಿ ಹರಿಯುವ ಕಾವೇರಿ. ಇಷ್ಟು ಸಾಕು, ನಿಜವಾಗಿಯೂ ಸಾಕು. ನದಿಯನ್ನು ಮಾತ್ರ ತುಂಬಿ ಹರಿಯುವಂತೆ ಬರೆಯಿರಿ. ಆಶ್ವಯುಜ ಎಂದರೆ ಮುಂಗಾರು ಮುಗಿಯುವ ಹೊತ್ತು, ಮೇಲೆ ಕನ್ನಂಬಾಡಿ ಕಟ್ಟೆ ಇಲ್ಲದ ಕಾಲ. ಈಗ ಬೇಸಗೆಯಲ್ಲಿ ಕಾಣುವ ಬಂಡೆಗಳ ಸಾಲನ್ನು ಫೋಟೋ ನೋಡಿ ಬರೆದರೆ ಋತುವೇ ತಪ್ಪುತ್ತದೆ.

ರಂಗನಾಥನ ಗುಡಿ ಪೂರ್ವಾಭಿಮುಖ. ಸಂಜೆಯ ದೃಶ್ಯವಾದರೆ ಗೋಪುರದ ಮುಂಭಾಗ ನೆರಳಿನಲ್ಲಿರಬೇಕು. ಬೆಳಗಿನ ದೃಶ್ಯಕ್ಕೆ ಮಾತ್ರ ಅಲ್ಲಿ ಬಿಸಿಲು.

ಅಂಬಾರಿಯಲ್ಲಿ ಚಾಮುಂಡೇಶ್ವರಿಯನ್ನು ಕೂರಿಸುವುದು ರಾಜಧನ ರದ್ದಾದ ಮೇಲೆ ಬಂದ ಪದ್ಧತಿ. ಅದಕ್ಕೆ ಮುಂಚೆ ಅಂಬಾರಿಯಲ್ಲಿ ಕೂರುತ್ತಿದ್ದವರು ಮಹಾರಾಜರೇ. ಈಗಿನ 750 ಕಿಲೋ ತೂಕದ, ಚಿನ್ನದ ತಗಡು ಹೊದಿಸಿದ ಅಂಬಾರಿಯ ಆಕಾರವನ್ನು 1610ರ ಆನೆಯ ಮೇಲೆ ಇಡಬೇಡಿ. ಆನೆ ಬೇಕೇ ಬೇಕು ಅನ್ನಿಸಿದರೆ ಜೂಲು ಹೊದಿಸಿ, ಗಂಟೆ ಕಟ್ಟಿ, ಮೇಲೆ ಅಂಕುಶ ಹಿಡಿದ ಮಾವುತನನ್ನು ಕೂರಿಸಿ, ಪಟ್ಟದಾನೆಯಾಗಿ ನಿಲ್ಲಿಸಿ. ಪಟ್ಟದ ಕುದುರೆ, ಪಟ್ಟದ ಹಸು ಜೊತೆಗಿದ್ದರೆ ಪೂಜೆಯ ಅರ್ಥ ಬರುತ್ತದೆ.

ಕಲ್ಯಾಣಮಂಟಪದ 26 ಚಿತ್ರಗಳ ಬಗ್ಗೆ ಕೇಳಿದಿರಿ. ಅವು ನಾಲ್ವಡಿ ಕೃಷ್ಣರಾಜರ ಕಾಲದ ಮೆರವಣಿಗೆಯನ್ನು ಛಾಯಾಚಿತ್ರಗಳ ಆಧಾರದಿಂದ ತೈಲವರ್ಣದಲ್ಲಿ ತಂದವು. ಇಪ್ಪತ್ತನೇ ಶತಮಾನಕ್ಕೆ ಅವು ಅಮೂಲ್ಯ ದಾಖಲೆ. ಅಲ್ಲಿನ ಜರಿಪೇಟ, ಉದ್ದ ಕೋಟು, ಬ್ಯಾಂಡಿನವರ ಸಮವಸ್ತ್ರ 1610ಕ್ಕೆ ಹೊಂದುವುದಿಲ್ಲ.

ಹಾಗಾದರೆ ಮಾದರಿ ಯಾವುದು? ವಿಜಯನಗರ. ರಾಜ ಒಡೆಯರು ಪಟ್ಟಣವನ್ನು ತೆಗೆದುಕೊಂಡದ್ದು ವಿಜಯನಗರದ ಪ್ರತಿನಿಧಿ ತಿರುಮಲನಿಂದ, ನಡೆಸಿದ್ದು ಆ ಅರಸರ ಮಹಾನವಮಿಯ ಮುಂದುವರಿಕೆಯನ್ನು. ಆದ್ದರಿಂದ ಹಂಪಿಯ ಮಹಾನವಮಿ ದಿಬ್ಬದ ಸುತ್ತಿನ ಉಬ್ಬುಶಿಲ್ಪಗಳನ್ನು ಕುಳಿತು ನೋಡಿ: ಆನೆಯ ಸಾಲು, ಕುದುರೆ ಹಿಡಿದವರು, ಜಟ್ಟಿಗಳು, ಕುಣಿಯುವವರು. ಬಣ್ಣ ಮತ್ತು ಉಡುಪಿಗೆ ಲೇಪಾಕ್ಷಿಯ ವೀರಭದ್ರ ದೇವಸ್ಥಾನದ ಮಾಳಿಗೆಚಿತ್ರಗಳು. ಅಲ್ಲಿ ಗಂಡಸರ ತಲೆಯ ಮೇಲಿರುವ ಎತ್ತರದ ಟೊಪ್ಪಿಗೆ ಕುಲ್ಲಾಯಿ, ಮೈಮೇಲಿನ ನಿಲುವಂಗಿ ಕಬಾಯಿ, ಹೆಂಗಸರ ಸೀರೆಯ ಪಟ್ಟೆ, ಚೌಕಳಿ ಎಲ್ಲ ಸ್ಪಷ್ಟ. ತಿರುಪತಿಯ ಕೃಷ್ಣದೇವರಾಯನ ಕಂಚಿನ ಪ್ರತಿಮೆಯ ತಲೆಯಲ್ಲೂ ಅದೇ ಕುಲ್ಲಾಯಿ.

ಬರಹದ ಆಧಾರವಾಗಿ ಗೋವಿಂದ ವೈದ್ಯನ ಕಂಠೀರವ ನರಸರಾಜ ವಿಜಯವನ್ನು ಓದಲೇಬೇಕು. 1648ರ ಸಾಂಗತ್ಯ ಕಾವ್ಯ. ಶ್ರೀರಂಗಪಟ್ಟಣದ ಮಹಾನವಮಿಯನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಅಲ್ಲಿರುವುದು ಮೊದಲ ದಸರಾ ಅಲ್ಲ, ಮೂವತ್ತೆಂಟು ವರ್ಷ ಈಚಿನ ಹಬ್ಬ, ಇನ್ನೂ ಸಿರಿವಂತ ಒಡ್ಡೋಲಗ. ಅದರಿಂದ ವಸ್ತುಗಳನ್ನು ತೆಗೆದುಕೊಳ್ಳಿ, ವೈಭವದ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ. 1610ರಲ್ಲಿ ಪಟ್ಟಣ ಕೈಗೆ ಬಂದು ತಿಂಗಳುಗಳಷ್ಟೇ ಆಗಿತ್ತು.

ಇನ್ನು ರಾಜರ ಮುಖ. ರಾಜ ಒಡೆಯರು ಹುಟ್ಟಿದ್ದು 1552ರಲ್ಲಿ. ಆ ನವರಾತ್ರಿಗೆ ಅವರಿಗೆ 58 ವರ್ಷ. ಬಹಳ ಮಂದಿ ಕಪ್ಪು ಮೀಸೆಯ ಇಪ್ಪತ್ತೈದರ ತರುಣನನ್ನು ಬರೆದುಬಿಡುತ್ತಾರೆ. ನರೆತ ಮೀಸೆ, ತುಂಬಿದ ಮೈ, ಕಣ್ಣಿನ ಕೆಳಗೊಂದು ಸಣ್ಣ ಗೆರೆ ಬೇಕು. ಮೇಲುಕೋಟೆಯ ಚೆಲುವನಾರಾಯಣ ದೇವಸ್ಥಾನದಲ್ಲಿ ಕೈಮುಗಿದು ನಿಂತ ಅವರ ಉಬ್ಬುಶಿಲ್ಪವಿದೆ, ನಿಲುವಿಗೂ ಉಡುಪಿಗೂ ಅದಕ್ಕಿಂತ ಹತ್ತಿರದ ಆಧಾರ ಸಿಗದು. ಆದರೆ ಅವರು ಚೆಲುವನಾರಾಯಣನಿಗೆ ಅರ್ಪಿಸಿದ ರಾಜಮುಡಿ ಕಿರೀಟವನ್ನು ಅವರದೇ ತಲೆಗೆ ಇಡಬೇಡಿ. ಅದು ದೇವರ ಮುಡಿ.

ಸಿಂಹಾಸನದ ವಿಚಾರದಲ್ಲಿ ಸಂಪ್ರದಾಯ ಹೇಳುವುದು, ಶ್ರೀರಂಗಪಟ್ಟಣದ ರತ್ನಸಿಂಹಾಸನವನ್ನು ರಾಜ ಒಡೆಯರು 1610ರಲ್ಲಿ ಏರಿದರು ಎಂದು. ಅದನ್ನೇ ಹಿಡಿದು ಬರೆಯಬಹುದು. ಅರಮನೆಯಲ್ಲಿ ಈಗ ನವರಾತ್ರಿಗೆ ಜೋಡಿಸುವ ಸಿಂಹಾಸನವನ್ನು ಮಾತ್ರ ಹಾಗೆ ಹಾಗೇ ನಕಲು ಮಾಡಬೇಡಿ. ಅದರ ಛತ್ರಿಯ ಶ್ಲೋಕಗಳು ಮುಮ್ಮಡಿಯವರ ಹೆಸರಿನವು. ಸಿಂಹದ ಮುಖಗಳಿರುವ ಪೀಠ, ಒರಗುದಿಂಬು, ಬಿಳಿಯ ಸತ್ತಿಗೆ, ಎರಡು ಬದಿಗೆ ಚಾಮರ ಹಾಕಿದರೆ ಸಾಕು. ಧ್ವಜಕ್ಕೂ ಇದೇ ಮಾತು. ಗಂಡಭೇರುಂಡ ಅಚ್ಯುತರಾಯನ ನಾಣ್ಯಗಳ ಮೇಲೂ ಇದೆ, ಆದ್ದರಿಂದ ಆ ಹಕ್ಕಿಗೆ ಅಡ್ಡಿಯಿಲ್ಲ. ಇಕ್ಕೆಲದ ಪ್ರಾಣಿಗಳೂ ಘೋಷವಾಕ್ಯದ ಪಟ್ಟಿಯೂ ಇರುವ ಈಚಿನ ಲಾಂಛನ ಬೇಡ.

ತೈಲಕುಂಚ (ಮೈಸೂರು)

ಮೇಲಿನವರು ‘ಏನು’ ಎಂಬುದನ್ನು ಚೆನ್ನಾಗಿ ಬಿಡಿಸಿ ಬರೆದಿದ್ದಾರೆ. ಗಳಿಗೆ ಯಾವುದು ಎಂಬುದಕ್ಕೆ ನನ್ನ ಉತ್ತರ, ಮಹಾನವಮಿಯ ಆಯುಧಪೂಜೆ.

ಮೂರು ದಾರಿಗಳಿವೆ. ಪಾಡ್ಯದ ದಿನ ಕಂಕಣ ಕಟ್ಟಿಕೊಂಡು ಸಿಂಹಾಸನ ಏರುವುದು, ನವಮಿಯ ಆಯುಧಪೂಜೆ, ದಶಮಿಯ ಬನ್ನಿಪೂಜೆ. ಸಿಂಹಾಸನವನ್ನು ಹಿಡಿದರೆ ಅದು ದರ್ಬಾರಿನ ಚಿತ್ರವಾಗುತ್ತದೆ, ಪೂಜೆ ಹಿಂದೆ ಸರಿಯುತ್ತದೆ. ಬನ್ನಿಪೂಜೆಗೆ ಊರ ಹೊರಗಿನ ಬಯಲು ಬೇಕು, ಮೈಸೂರು ಶೈಲಿಯ ಮಂಟಪ, ಕಂಬ, ತೋರಣ ಇವುಗಳಿಗೆ ಅಲ್ಲಿ ಜಾಗವಿಲ್ಲ. ಆಯುಧಪೂಜೆಯಲ್ಲಿ ಎರಡೂ ಕೂಡುತ್ತವೆ. ಮಂಟಪದೊಳಗೆ ದೇವಿಯ ಕಲಶ, ಮುಂದೆ ಹರಡಿದ ಆಯುಧಗಳು, ಅರಸು ಪೀಠ ಬಿಟ್ಟಿಳಿದು ಪೂಜೆಗೆ ನಿಂತಿದ್ದಾನೆ. ಅಂಗಳದಲ್ಲಿ ಪಟ್ಟದಾನೆ, ಪಟ್ಟದ ಕುದುರೆ, ಜನ. ಅರಸನಿಗಿಂತ ಕಲಶ ಎತ್ತರದಲ್ಲಿದ್ದರೆ ಇದು ಧಾರ್ಮಿಕ ವಿಧಿಯ ಚಿತ್ರ ಎಂಬುದು ನೋಡಿದ ತಕ್ಷಣ ತಿಳಿಯುತ್ತದೆ.

ಬರಹದಿಂದ ಚಿತ್ರ ಕಟ್ಟುವುದಕ್ಕೆ ಹೊರಗಿನ ಒಂದು ಉದಾಹರಣೆ ನೋಡುವುದು ಒಳ್ಳೆಯದು. ಬ್ರೆಜಿಲ್‌ನ ವಿಕ್ಟರ್ ಮೆಯ್ರೆಲ್ಲಿಸ್ 1860ರಲ್ಲಿ ಮುಗಿಸಿದ ‘ಬ್ರೆಜಿಲ್‌ನ ಮೊದಲ ಪೂಜೆ’ (ಕ್ರೈಸ್ತರ ಬಲಿಪೂಜೆ). 268 ಸೆಂಟಿಮೀಟರ್ ಎತ್ತರ, 356 ಸೆಂಟಿಮೀಟರ್ ಅಗಲದ ತೈಲಚಿತ್ರ, ಈಗ ರಿಯೊದ ರಾಷ್ಟ್ರೀಯ ಲಲಿತಕಲಾ ಸಂಗ್ರಹಾಲಯದಲ್ಲಿದೆ. ಸಂದರ್ಭ 1500ನೇ ಇಸವಿಯದು, ಕಬ್ರಾಲ್‌ನ ಹಡಗುಗಳು ಆ ತೀರ ಮುಟ್ಟಿದ ಹೊಸತು. ಚಿತ್ರಕಾರ ಕೆಲಸ ಮಾಡಿದ್ದು ಪ್ಯಾರಿಸ್‌ನಲ್ಲಿ ಕೂತು. ಹಡಗಿನಲ್ಲಿದ್ದ ಪೆರೊ ವಾಸ್ ದೆ ಕಮಿನ್ಯ ಪೋರ್ಚುಗಲ್ ರಾಜನಿಗೆ ಬರೆದ ಪತ್ರವೇ ಅವನ ಮುಖ್ಯ ಆಧಾರ. ಅದನ್ನು ಮತ್ತೆ ಮತ್ತೆ ಓದು ಎಂದು ರಿಯೊದ ಅಕಾಡೆಮಿಯ ನಿರ್ದೇಶಕರು ಹೇಳಿ ಕಳಿಸುತ್ತಿದ್ದರು.

ಆ ಚಿತ್ರದಿಂದ ನಮಗೆ ಸಿಗುವುದು ಎರಡು. ಮೊದಲನೆಯದು ಗುಂಪಿನ ಜೋಡಣೆ. ಪೂಜೆ ಮಾಡುವ ಪಾದ್ರಿ ಫ್ರಯರ್ ಎನ್ರಿಕ್, ಬಲಿಪೀಠ, ದೊಡ್ಡ ಶಿಲುಬೆ ಮೂರೂ ಬೆಳಕಿನಲ್ಲಿ, ಸ್ವಲ್ಪ ಎತ್ತರದಲ್ಲಿ. ನೋಡುವ ಮೂಲನಿವಾಸಿಗಳು ಸುತ್ತ, ಮುಂಭಾಗದ ನೆರಳಿನಲ್ಲಿ. ಕೆಲವರು ಮರ ಹತ್ತಿದ್ದಾರೆ. ಜನ ಎಷ್ಟೇ ಇದ್ದರೂ ಕಣ್ಣು ನೇರ ಬಲಿಪೀಠಕ್ಕೇ ಹೋಗುತ್ತದೆ. ಈ ವಿನ್ಯಾಸಕ್ಕೆ ಅವನು ಫ್ರೆಂಚ್ ಚಿತ್ರಕಾರ ಓರಾಸ್ ವೆರ್ನೆ ಅದಕ್ಕೆ ಕೆಲವೇ ವರ್ಷ ಮುಂಚೆ ಬರೆದ, ಅಲ್ಜೀರಿಯದ ಕಬೀಲಿಯಾದಲ್ಲಿ ನಡೆದ ಪೂಜೆಯ ಚಿತ್ರವನ್ನು ಮುಂದಿಟ್ಟುಕೊಂಡಿದ್ದ. ಎರಡನ್ನೂ ಪಕ್ಕದಲ್ಲಿಟ್ಟರೆ ಅದು ಮುಚ್ಚಿಡುವಂಥದ್ದಲ್ಲ.

ಎರಡನೆಯದು ಎಚ್ಚರಿಕೆ. ಪತ್ರದಲ್ಲಿ ಎರಡು ಪೂಜೆಗಳಿವೆ. ಏಪ್ರಿಲ್ 26ರದ್ದು ಒಂದು ಸಣ್ಣ ದ್ವೀಪದ ಮೇಲೆ, ಮೇ 1ರದ್ದು ಮುಖ್ಯ ನೆಲದಲ್ಲಿ, ದೊಡ್ಡ ಶಿಲುಬೆ ನೆಟ್ಟ ಮೇಲೆ. ಚಿತ್ರದ ಹೆಸರು ‘ಮೊದಲ’ ಎನ್ನುತ್ತದೆ, ಶಿಲುಬೆ ಎರಡನೆಯದನ್ನು ಹೇಳುತ್ತದೆ. ನಮ್ಮ ವಿಷಯದಲ್ಲೂ ಇದೇ ಬಗೆಯ ಅಪಾಯವಿದೆ. ಗೋವಿಂದ ವೈದ್ಯನ ವರ್ಣನೆಯನ್ನು ಪೂರ್ತಿ ಸುರಿದು ‘1610’ ಎಂದು ಬರೆದರೆ ಅದು ಕಂಠೀರವರ ದಸರಾ ಆಗುತ್ತದೆ. ಆದ್ದರಿಂದ ಒಂದು ಹಾಳೆಯಲ್ಲಿ ಪ್ರತಿಯೊಂದು ವಸ್ತುವಿನ ಮುಂದೆ ಅದರ ಆಧಾರ ಬರೆದುಕೊಳ್ಳಿ: ಕುಲ್ಲಾಯಿ – ಲೇಪಾಕ್ಷಿ, ಕುದುರೆಯ ಜೀನು – ಹಂಪಿ ದಿಬ್ಬ, ರಾಜರ ನಿಲುವು – ಮೇಲುಕೋಟೆ. ಆಧಾರ ಇಲ್ಲದ್ದನ್ನು ಚಿತ್ರದಿಂದ ತೆಗೆಯಿರಿ.

ಜನಜಂಗುಳಿಗೆ ಮನೆಯ ಹತ್ತಿರದ ಪಾಠ ಬೇಕೆಂದರೆ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಯುದ್ಧಚಿತ್ರ ನೋಡಿ. ನೂರಾರು ಆಳು, ಕುದುರೆಗಳನ್ನು ಸಾಲಿನ ಮೇಲೆ ಸಾಲಾಗಿ ಅಡಕಿದ ಕ್ರಮ ಅಲ್ಲಿದೆ. ದೂರದವರು ಮೇಲಿನ ಸಾಲಿನಲ್ಲಿ, ಹತ್ತಿರದವರು ಕೆಳಗೆ, ನಾಯಕ ಎಲ್ಲಿದ್ದರೂ ದೊಡ್ಡವನು. ಮೈಸೂರು ಶೈಲಿಗೆ ಈ ಕ್ರಮವೇ ಒಗ್ಗುತ್ತದೆ; ದೂರದ್ದನ್ನು ಚಿಕ್ಕದಾಗಿ ತೋರುವ ಪಾಶ್ಚಾತ್ಯ ಪರಿದೃಶ್ಯವನ್ನು ಬೆರೆಸಿದರೆ ಮಂಟಪದ ಕಂಬಗಳೂ ಆಳುಗಳೂ ಒಂದಕ್ಕೊಂದು ಹೊಂದುವುದಿಲ್ಲ. ಜೋಡಣೆಯನ್ನಷ್ಟೇ ತೆಗೆದುಕೊಳ್ಳಿ, ಅಲ್ಲಿನ ಉಡುಪು 1780ರ ಯುದ್ಧದ್ದು.

ನಿಮ್ಮ ಮೂರು ಅಡಿ ಎತ್ತರದಲ್ಲಿ ಅರಸನಿಗೆ ಒಂಬತ್ತು ಅಂಗುಲ, ಪುರೋಹಿತರಿಗೂ ದಳವಾಯಿಗೂ ಏಳು, ಅಂಗಳದವರಿಗೆ ನಾಲ್ಕೂವರೆ ಕೊಡಿ. ಅದಕ್ಕಿಂತ ಚಿಕ್ಕದಾದರೆ ಮುಖ ಅರ್ಧ ಅಂಗುಲಕ್ಕೆ ಇಳಿದು ಕಣ್ಣಿನ ಗೆರೆ, ಹುಬ್ಬು ಒಂದಾಗಿಬಿಡುತ್ತವೆ. ಮೈಸೂರು ಶೈಲಿಯ ಜೀವ ಇರುವುದು ಮುಖದ ಭಾವದಲ್ಲಿ. ನೂರು ಆಳು ಬರೆದು ನೂರಕ್ಕೂ ಒಂದೇ ಮುಖ ಹಾಕುವುದಕ್ಕಿಂತ ಮೂವತ್ತು ಆಳು ಬರೆದು ಮೂವತ್ತು ಮುಖ ಮಾಡುವುದು ಮೇಲು.

ಸಫೇದ (ಮೈಸೂರು)

ಗೆಸ್ಸೊ, ರೇಕು ವಿಚಾರ ನನಗೆ ಬಿಡಿ.

ಹಲಗೆ: 12 ಮಿಲಿಮೀಟರ್ ವಾಟರ್‌ಪ್ರೂಫ್ ಪ್ಲೈವುಡ್. ನಾಲ್ಕು ಅಡಿ ಅಗಲಕ್ಕೆ 6 ಮಿಲಿಮೀಟರಿನದು ಬಾಗುತ್ತದೆ, ಹಲಗೆ ಬಾಗಿದ ದಿನ ಗೆಸ್ಸೊ ಬಿರುಕು ಬಿಡುತ್ತದೆ. ಹಿಂದುಗಡೆ ಎರಡು ಇಂಚಿನ ಮರದ ಚೌಕಟ್ಟು, ನಡುವೆ ಒಂದು ಅಡ್ಡಪಟ್ಟಿ ಹೊಡೆಯಿರಿ. ಮುಂದೆ ಕಾಗದ ಅಂಟಿಸಿದ ಹಾಗೆಯೇ ಹಿಂದೆಯೂ ಅದೇ ದಪ್ಪದ ಕಾಗದ ಅಂಟಿಸಬೇಕು. ಒಂದೇ ಕಡೆ ಅಂಟಿಸಿದರೆ ಒಣಗುವಾಗ ಕಾಗದ ಎಳೆದು ಹಲಗೆ ಬಿಲ್ಲಾಗುತ್ತದೆ. ಬಹಳ ಜನ ಇದೊಂದನ್ನು ಬಿಡುತ್ತಾರೆ.

ಅಂಟು: 100 ಗ್ರಾಂ ಮೈದಾಗೆ ಅರ್ಧ ಲೀಟರ್ ನೀರು, ಸಣ್ಣ ಉರಿಯಲ್ಲಿ ಗಂಟಿಲ್ಲದಂತೆ ಕುದಿಸಿ, ಇಳಿಸಿದ ಮೇಲೆ ಕಾಲು ಚಮಚ ಮೈಲುತುತ್ತ. ಮೈಲುತುತ್ತ ಇಲ್ಲದಿದ್ದರೆ ಮಳೆಗಾಲದಲ್ಲಿ ಬೂಷ್ಟು, ಆಮೇಲೆ ಜಿರಲೆ, ಬೆಳ್ಳಿಮೀನು. ಅದು ವಿಷ, ಅಡುಗೆಮನೆಯ ಪಾತ್ರೆ ಬಳಸಬೇಡಿ. ದಪ್ಪ ಕಾರ್ಟ್ರಿಜ್ ಕಾಗದವನ್ನು ಒದ್ದೆ ಮಾಡಿ ಅಂಟಿಸಿ, ನಡುವಿನಿಂದ ಅಂಚಿಗೆ ಒತ್ತುತ್ತ ಗಾಳಿ ಹೊರಗೆ ಹಾಕಿ. ಎರಡು ದಿನ ನೆರಳಿನಲ್ಲಿ ಒಣಗಲಿ. ಬಿಸಿಲಿಗಿಟ್ಟರೆ ಅಂಚು ಏಳುತ್ತದೆ.

ಗೆಸ್ಸೊ: ಹಿಂದಿನವರು ಬಳಸುತ್ತಿದ್ದದ್ದು ಮಕ್ಕಿ ಮತ್ತು ಸಫೇದ. ಸಫೇದ ಎಂದರೆ ಸೀಸದ ಬಿಳುಪು, ಉಸಿರಿಗೂ ಕೈಗೂ ಕೆಟ್ಟದ್ದು. ಸಾಲದ್ದಕ್ಕೆ ಗಂಧಕದ ಗಾಳಿಗೆ ಕಪ್ಪಾಗುತ್ತದೆ. ಅದರ ಬದಲು ಜಿಂಕ್ ಆಕ್ಸೈಡ್ ತೆಗೆದುಕೊಳ್ಳಿ. ಮಕ್ಕಿ ಮರದ ಹಳದಿ ಅಂಟು, ಅದನ್ನು ಬಿಡಬೇಡಿ. ರೇಕಿನ ಕೆಳಗೆ ಹಳದಿ ಇದ್ದರೆ ರೇಕು ಎಲ್ಲಿ ಹರಿದರೂ ಬಿಳಿ ಚುಕ್ಕೆ ಕಾಣುವುದಿಲ್ಲ. ಆದರೆ ಮಕ್ಕಿ ಭೇದಿ ಮಾಡಿಸುವ ವಸ್ತು. ಕುಂಚದ ತುದಿಯನ್ನು ನಾಲಿಗೆಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದವರು ಈ ಕೆಲಸದಲ್ಲಿ ಅದನ್ನು ಬಿಡಬೇಕು.

50 ಗ್ರಾಂ ಅರೇಬಿಕ್ ಗೋಂದನ್ನು 100 ಮಿಲಿ ಬೆಚ್ಚನೆ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಮಲ್ ಬಟ್ಟೆಯಲ್ಲಿ ಸೋಸಿ. ಜಿಂಕ್ ಆಕ್ಸೈಡನ್ನು ಮೊದಲು ಬರೀ ನೀರಿನಲ್ಲಿ ಗಾಜಿನ ಮೇಲೆ ಅರೆಯಬೇಕು, ಬೆರಳಿಗೆ ಮರಳು ಸಿಗದಷ್ಟು. ಆಮೇಲೆ ಗೋಂದಿನ ನೀರನ್ನು ಹನಿಹನಿಯಾಗಿ ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ, ಕೊನೆಗೆ ಜೇನುತುಪ್ಪ ಎರಡು ಹನಿ. ಜೇನು ಗೋಂದನ್ನು ಸ್ವಲ್ಪ ಮೃದುವಾಗಿ ಇಡುತ್ತದೆ. ಹೆಚ್ಚಾದರೆ ಮಳೆಗಾಲದಲ್ಲಿ ಜಿಗುಟು, ಇರುವೆ.

ಹದ ಸರಿಯೇ ಎಂದು ತಿಳಿಯಲು ಒಂದು ತುಂಡು ಕಾಗದದ ಮೇಲೆ ಗೆರೆ ಎಳೆದು ರಾತ್ರಿ ಬಿಡಿ. ಬೆಳಗ್ಗೆ ಉಗುರಿನಿಂದ ಕೆರೆದಾಗ ಪುಡಿ ಉದುರಿದರೆ ಗೋಂದು ಕಡಿಮೆ. ಗೆರೆ ಹೊಳೆಯುತ್ತಿದ್ದು ಅಡ್ಡ ಸೀಳಿದ್ದರೆ ಗೋಂದು ಜಾಸ್ತಿ. ಮಂಕಾಗಿ, ಉಗುರಿಗೆ ಸಿಗದೆ ಕೂತಿದ್ದರೆ ಸರಿ.

ದೊಡ್ಡ ಚಿತ್ರ ಎಂದು ಗೆಸ್ಸೊ ದಪ್ಪ ಮಾಡಬೇಡಿ. ತಂಜಾವೂರು ಶೈಲಿಯ ಉಬ್ಬು, ಗಾಜಿನ ಕಲ್ಲು ಇಲ್ಲಿಗೆ ಸಲ್ಲದು. ಮೈಸೂರಿನದು ಬೆರಳು ಸವರಿದರೆ ತಿಳಿಯುವಷ್ಟು ಉಬ್ಬು, ಒಂದು ಮಿಲಿಮೀಟರಿನೊಳಗೆ. ಒಂದೇ ಸಲ ಹಾಕದೆ ಮೂರು ತೆಳು ವರಸೆಯಲ್ಲಿ ಏರಿಸಿ, ಪ್ರತಿ ವರಸೆಗೂ ಪೂರ್ತಿ ಒಣಗಲು ಬಿಡಿ. ಮೇಲ್ಮೈ ಒಣಗಿ ಒಳಗೆ ಹಸಿ ಇರುವಾಗ ಮುಂದಿನ ವರಸೆ ಬಿದ್ದರೆ ವಾರದೊಳಗೆ ಸೀಳುತ್ತದೆ. ಮಂಟಪದ ಕಂಬದಂಥ ಉದ್ದ ಪಟ್ಟಿಗಳಲ್ಲಿ ಗೆಸ್ಸೊವನ್ನು ಎಡೆಬಿಡದೆ ಎಳೆಯಬೇಡಿ. ಬಳ್ಳಿ, ಮಣಿ, ಹೂವು ಎಂದು ತುಂಡುತುಂಡಾಗಿ ವಿನ್ಯಾಸ ಮಾಡಿ. ಹಲಗೆ ಹಿಗ್ಗಿ ಕುಗ್ಗುವಾಗ ಆ ಸಂದುಗಳು ತಡೆದುಕೊಳ್ಳುತ್ತವೆ.

ರೇಕು: ಪುಸ್ತಕದಲ್ಲಿ ಬರುವ ಎಲೆ ಸಾಮಾನ್ಯವಾಗಿ 80 ಮಿಲಿಮೀಟರ್ ಚೌಕ, ಅಂದರೆ 64 ಚದರ ಸೆಂಟಿಮೀಟರ್. ನಿಮ್ಮ ಹಲಗೆ ಸುಮಾರು 11,150 ಚದರ ಸೆಂಟಿಮೀಟರ್. ಹತ್ತರಲ್ಲಿ ಒಂದು ಭಾಗ ಚಿನ್ನ ಎಂದಿಟ್ಟರೆ ಹದಿನೆಂಟು ಎಲೆ. ಹರಿದು ಹಾಳಾಗುವುದು ಸೇರಿ 25 ಎಲೆಯ ಒಂದು ಪುಸ್ತಕ ಸಾಕು. ಹತ್ತರಲ್ಲಿ ಒಂದನ್ನು ಮೀರಬೇಡಿ, ಅರಸನ ಒಡವೆಯೂ ಕಂಬವೂ ಒಂದೇ ಸಮ ಹೊಳೆದರೆ ಅರಸ ಕಾಣುವುದಿಲ್ಲ. ಹಿತ್ತಾಳೆಯ ನಕಲಿ ರೇಕು ಖಂಡಿತ ಬೇಡ, ಅದು ಹಸಿರಾಗಿ ಆಮೇಲೆ ಕಪ್ಪಾಗುತ್ತದೆ.

ಕ್ರಮ ಹೀಗೆ: ರೇಖೆ, ಆಕಾಶ–ನದಿ–ಗೋಡೆಯ ತೆಳು ಬಣ್ಣ, ಗೆಸ್ಸೊ, ಮಕ್ಕಿ, ರೇಕು, ಆಮೇಲೆ ಆಳುಗಳ ಬಣ್ಣ, ಕೊನೆಗೆ ಕಪ್ಪು ಗೆರೆ. ರೇಕಿಗಿಂತ ಮುಂಚೆಯೇ ಉಡುಪಿನ ಬಣ್ಣ ತುಂಬಿದರೆ ಗೋಂದಿನ ಬಣ್ಣಕ್ಕೂ ರೇಕು ಹತ್ತಿ ಅಂಚು ಒರಟಾಗುತ್ತದೆ. ರೇಕು ಹಾಕುವ ಮುನ್ನ ಬಣ್ಣದ ಜಾಗಕ್ಕೆ ಟಾಲ್ಕಂ ಪುಡಿ ಸವರಿ ಜಾಡಿಸಿ. ಮಕ್ಕಿಯ ಮೇಲೆ ಬಾಯಿಂದ ಬಿಸಿಯುಸಿರು ಬಿಟ್ಟರೆ ಅದು ಅಂಟುತ್ತದೆ, ತಕ್ಷಣ ರೇಕು ಇಟ್ಟು ಹತ್ತಿಯಿಂದ ಒತ್ತಿ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ.

ಉಜ್ಜುವುದು ಕೊನೆಗೆ: ತೆಳು ಕಾಗದ ಹಾಸಿ, ನಯವಾದ ಕಲ್ಲಿನಿಂದ ಬಣ್ಣದ ಬಯಲು ಜಾಗಗಳನ್ನು ಮಾತ್ರ. ಉಬ್ಬಿನ ಮೇಲೆ ಕಲ್ಲು ಹೋದರೆ ಮಾಡಿದ್ದೆಲ್ಲ ಪುಡಿ.

ರೇಕುಕುಂಚ (ಮೈಸೂರು)

ಮೂವರಿಗೂ ಧನ್ಯವಾದ. ಆಯುಧಪೂಜೆಯನ್ನೇ ಹಿಡಿಯುತ್ತೇನೆ, ಸಂಜೆಯ ಹೊತ್ತಿಗೆ. ಇನ್ನು ನಾಲ್ಕು ಅನುಮಾನ. ಪೂಜೆಗಿಡುವ ಆಯುಧಗಳು ಯಾವುವು? ಬಟ್ಟೆಗೆ ಯಾವ ಬಣ್ಣ ಬೇಡ? ಹೂವು, ಮರ? ಹಬ್ಬದ ಮುನ್ನಾದಿನ ಯುವರಾಜ ನರಸರಾಜರು ತೀರಿಕೊಂಡರೂ ನವರಾತ್ರಿ ನಿಲ್ಲಲಿಲ್ಲ ಎಂಬ ಸಂಗತಿಯನ್ನು ಚಿತ್ರದಲ್ಲಿ ತರಬಹುದೇ?

ಕೋಟೆಬಾಗಿಲು (ಶ್ರೀರಂಗಪಟ್ಟಣ)

ಆಯುಧ: ಕತ್ತಿ, ಗುರಾಣಿ, ಈಟಿ, ಬಿಲ್ಲು ಬತ್ತಳಿಕೆ, ಕಠಾರಿ. ಬತ್ತಿಯ ಕೋವಿ ಒಂದೆರಡು ಇಡಬಹುದು, 1520ರ ರಾಯಚೂರು ಯುದ್ಧದಲ್ಲೇ ಕೋವಿಯವರಿದ್ದರು. ಹುಲಿಮುಖದ ಫಿರಂಗಿ, ಕಬ್ಬಿಣದ ಕೊಳವೆಯ ರಾಕೆಟ್ ಬಂದದ್ದು ಹದಿನೆಂಟನೇ ಶತಮಾನದಲ್ಲಿ. ಜಟ್ಟಿಗಳನ್ನು ಅಂಗಳದ ಒಂದು ಮೂಲೆಯಲ್ಲಿ ನಿಲ್ಲಿಸಿದರೆ ಚೆನ್ನ. ವಾದ್ಯಕ್ಕೆ ನಗಾರಿ, ಕೊಂಬು, ಕಹಳೆ.

ಬಟ್ಟೆಯಲ್ಲಿ ಕಡುನೇರಳೆ, ಕಣ್ಣು ಕುಕ್ಕುವ ಗುಲಾಬಿ ಬೇಡ. ಅಂಥ ರಾಸಾಯನಿಕ ಬಣ್ಣ ಹುಟ್ಟಿದ್ದೇ 1856ರ ಮೇಲೆ. ಮಂಜಿಷ್ಠದ ಕೆಂಪು, ಅರಗಿನ ಕೆಂಪು, ನೀಲಿ, ಅರಿಸಿನ, ನೀಲಿಯ ಮೇಲೆ ಹಳದಿ ಹಾಕಿ ಬರುವ ಹಸಿರು, ಬಿಳಿ. ಇಷ್ಟರಲ್ಲೇ ಆಡಿ.

ಮರಗಳಲ್ಲಿ ಗುಲ್ಮೊಹರ್, ಜಕರಂದಾ, ಮಳೆಮರ ಮೈಸೂರಿನ ರಸ್ತೆಗಳಿಗೆ ಆಮೇಲೆ ಬಂದವು. ತೆಂಗು, ಅಡಿಕೆ, ಬಾಳೆ, ಅರಳಿ, ಹೊಂಗೆ ಹಾಕಿ. ಬನ್ನಿಯನ್ನು ಸೇರಿಸುವುದಾದರೆ ಅದರ ಎಲೆ ಹುಣಸೆಯದರಂತೆ ಪುಟ್ಟದು, ಕೊಂಬೆಯಲ್ಲಿ ಮುಳ್ಳು. ಅಗಲ ಎಲೆ ಬರೆದರೆ ಬೇರೆ ಮರ. ಆಯುಧಪೂಜೆ ಎಂದ ಕೂಡಲೇ ಕೈ ಚೆಂಡುಹೂವಿಗೆ ಹೋಗುತ್ತದೆ. ಅದು ಅಮೆರಿಕ ಖಂಡದ ಗಿಡ. ಮಲ್ಲಿಗೆ, ಸಂಪಿಗೆ, ಕಣಗಿಲೆ, ತಾವರೆ, ಕೇದಗೆಯಲ್ಲಿ ತೋರಣ ಕಟ್ಟಿ. ಬೂದುಗುಂಬಳ ಇರಲಿ, ಅದು ಇಲ್ಲಿಯ ಹಳೆಯದು.

ಯುವರಾಜರ ಸಾವಿನ ಸಂಗತಿ ಸಂಪ್ರದಾಯದಲ್ಲಿ ಗಟ್ಟಿಯಾಗಿದೆ. ಶಾಸ್ತ್ರಜ್ಞರನ್ನು ಕೇಳಿ ಹಬ್ಬ ನಡೆಸಿದರು, ಅಂದಿನಿಂದ ಮನೆಯ ಸಾವಿಗೂ ನವರಾತ್ರಿ ನಿಲ್ಲಬಾರದು ಎಂಬ ಕಟ್ಟಳೆಯಾಯಿತು ಎನ್ನುತ್ತಾರೆ. ಇದನ್ನು ಅಳುವ ಹೆಂಗಸರನ್ನು ಬರೆದು ತರಬೇಡಿ, ಪೂಜೆಯ ಅಂಗಳದಲ್ಲಿ ಅದು ಸಲ್ಲದು. ಸತ್ತ ನರಸರಾಜರ ಮಗ ಚಾಮರಾಜರು ಆಗ ಏಳು ವರ್ಷದ ಬಾಲಕ, 1617ರಲ್ಲಿ ಪಟ್ಟಕ್ಕೆ ಬಂದವರು. ಯುವರಾಜ ನಿಲ್ಲಬೇಕಾದ ಜಾಗದಲ್ಲಿ, ಅಜ್ಜನ ಬಲಕ್ಕೆ, ಆ ಹುಡುಗನನ್ನು ನಿಲ್ಲಿಸಿ. ಒಡವೆ ಕಡಿಮೆ ಹಾಕಿ. ತಿಳಿದವರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ.

ತೈಲಕುಂಚ (ಮೈಸೂರು)

ಸಂಜೆ ಎಂದಿರಿ, ಹಾಗಾಗಿ ಚಂದ್ರನ ಬಗ್ಗೆ ಒಂದು ಮಾತು. ಇಂಥ ಚಿತ್ರಗಳಲ್ಲಿ ಗೋಪುರದ ಹಿಂದೆ ಹುಣ್ಣಿಮೆಯ ಚಂದ್ರ ಇಟ್ಟುಬಿಡುತ್ತಾರೆ. ಶುದ್ಧ ನವಮಿಯ ಸಂಜೆ ಚಂದ್ರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಹೊತ್ತು ಮುಳುಗುವಾಗಲೇ ದಕ್ಷಿಣದ ಆಕಾಶದಲ್ಲಿ ಎತ್ತರಕ್ಕೆ ಏರಿರುತ್ತಾನೆ, ಬೆಳಗಿದ ಬದಿ ಪಶ್ಚಿಮಕ್ಕೆ. ನಿಮ್ಮ ನೋಟ ಗೋಪುರದ ಮುಂದಿನಿಂದ ಪಶ್ಚಿಮಕ್ಕಿದ್ದರೆ ಚಂದ್ರ ಚೌಕಟ್ಟಿನೊಳಗೆ ಬರುವುದೇ ಇಲ್ಲ. ಬೆಳಕಿಗೆ ಪಂಜು, ದೀವಟಿಗೆ, ಕಂಬದ ದೀಪ ಬರೆಯಿರಿ. ಜ್ವಾಲೆಗೆ ಚಿನ್ನದ ರೇಕು ಹಾಕಬೇಡಿ, ಕೆಲವು ಕೋನದಿಂದ ನೋಡಿದಾಗ ರೇಕು ಕಪ್ಪಾಗಿ ಕಾಣುತ್ತದೆ. ಹಳದಿಯ ಮೇಲೆ ತೆಳು ಕೆಂಪು ಎಳೆಯಿರಿ, ಬುಡಕ್ಕೆ ಬಿಳಿ.

ಸಫೇದ (ಮೈಸೂರು)

ಕೆಂಪಿಗೆ ಇಂಗಳೀಕ, ಹಳದಿಗೆ ಹರಿದಾಳವನ್ನೇ ಬಳಸಬೇಕೆಂಬ ಆಸೆ ಇದ್ದರೆ ಯೋಚಿಸಿ: ಒಂದರಲ್ಲಿ ಪಾದರಸ, ಇನ್ನೊಂದರಲ್ಲಿ ಪಾಷಾಣ. ಒಣಪುಡಿ ಅರೆಯುವುದಕ್ಕೆ ಮುಖಗವುಸು, ಕೈಗವುಸು ಇಲ್ಲದೆ ಕೂರಬೇಡಿ. ಹರಿದಾಳವನ್ನು ಸೀಸದ ಸಫೇದದ ಜೊತೆ ಬೆರೆಸಿದರೆ ಕಪ್ಪಾಗುತ್ತದೆ. ಒಳ್ಳೆಯ ಕಂಪನಿಯ ಜಲವರ್ಣದ ಟ್ಯೂಬುಗಳಲ್ಲೇ ಈ ಎರಡಕ್ಕೂ ಹತ್ತಿರದ ಬಣ್ಣ ಸಿಗುತ್ತದೆ.

ಕೆಲಸವನ್ನು ಕಾರ್ತಿಕದ ಮೇಲೆ ಶುರು ಮಾಡಿ. ಮಳೆ ಹಿಡಿದ ದಿನಗಳಲ್ಲಿ ಗೆಸ್ಸೊ ಒಳಗಿನಿಂದ ಒಣಗುವುದಿಲ್ಲ, ಮಕ್ಕಿಯೂ ತನ್ನಷ್ಟಕ್ಕೆ ಜಿಗುಟಾಗಿ ರೇಕು ಬೇಡದ ಕಡೆ ಹಿಡಿಯುತ್ತದೆ. ಚೌಕಟ್ಟು ಹಾಕುವಾಗ ಗಾಜು ಚಿತ್ರಕ್ಕೆ ತಗಲದಂತೆ ಕಾಲು ಅಂಗುಲದ ಪಟ್ಟಿ ಕೊಡಿಸಿ. ಗಾಜಿಗೆ ಅಂಟಿದ ರೇಕು ವಾಪಸ್ ಬರುವುದಿಲ್ಲ.